ಇಬ್ಬಣ್ಣದ ಗಂಡು

ಕನ್ನಡಕದ ಅಂಗಡಿಯ ಮೇಲಂತಸ್ತಿನಲ್ಲಿ ಎರಡು ಕೋಣೆಗಳಿವೆ. ಮೊದಲನೆಯದರಲ್ಲಿ ಐದಾರು ಮಂದಿ ಕಂಪ್ಯೂಟರುಗಳ ಮುಂದೆ ಕೂತು ಒಂದು ವಿಡಿಯೊ ಗೇಮ್ ತಯಾರಿಸುತ್ತಾರೆ. ಎರಡನೆಯದರಲ್ಲಿ, ಕಿಟಕಿಗೆ ಆನಿಸಿದ ಮೇಜಿನ ಹಿಂದೆ, ಐವತ್ತು ದಾಟಿದ ಒಬ್ಬ ಹೆಂಗಸು ಕೂರುತ್ತಾರೆ. ಮೊದಲ ಕೋಣೆಯವರು ಮಾಡಿದ ತಪ್ಪುಗಳಿಗೆ ಜೀವಶಾಸ್ತ್ರದಲ್ಲಿ ಕಾರಣ ಹುಡುಕಿಕೊಡುವುದು ಅವರ ಕೆಲಸ. ಸಂಬಳದ ಚೀಟಿಯಲ್ಲಿ ಹುದ್ದೆಯ ಹೆಸರು ಬೇರೇನೋ ಇದೆ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಟಿಪ್ಪಣಿ ಮೇಡಂ.

ಆಟ ಸರಳವಾದದ್ದು. ತುಪ್ಪುಳಿ ಎಂಬ, ಮೊಲಕ್ಕಿಂತ ದೊಡ್ಡದೂ ಕುರಿಗಿಂತ ಚಿಕ್ಕದೂ ಆದ, ಲೋಕದಲ್ಲಿ ಎಲ್ಲೂ ಇಲ್ಲದ ಪ್ರಾಣಿಯೊಂದನ್ನು ಸಾಕಬೇಕು. ಮೇಯಿಸಬೇಕು, ಜೋಡಿ ಕಟ್ಟಬೇಕು, ಹುಟ್ಟಿದ ಮರಿಗಳಲ್ಲಿ ಬೇಕಾದ್ದನ್ನು ಉಳಿಸಿಕೊಂಡು ಹಿಂಡು ಬೆಳೆಸಬೇಕು. ಗೆಲುವು ಸೋಲು ಇಲ್ಲ. ಆಡುವವರ ಸಂಖ್ಯೆ ಹೇಳಿಕೊಳ್ಳುವಂಥದ್ದಲ್ಲ, ಆದರೆ ಹಿಡಿದವರು ಬಿಡುವುದಿಲ್ಲ.

ಮೇಡಂ ಮೊದಲು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿಗಳು ಕಡಿಮೆಯಾಗುತ್ತ ಬಂದು ಒಂದು ದಿನ ವಿಭಾಗಕ್ಕೇ ಬೀಗ ಬಿತ್ತು. ಸ್ವಲ್ಪ ಕಾಲ ಮನೆಯಲ್ಲಿ ಕೂತರು. ಆಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ತಾನೊಂದು ಗೇಮ್ ಕಂಪನಿ ಶುರುಮಾಡಿದ್ದೇನೆ, ಪ್ರಾಣಿಗಳ ಬಗ್ಗೆ ಎರಡೆರಡು ಸಾಲು ಬರೆದುಕೊಡಲು ಯಾರಾದರೂ ಬೇಕು ಎಂದಳು. ಅವಳನ್ನು ಕಚೇರಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಮೇಡಂ ಕೂಡ ಹಾಗೇ ಕರೆಯುತ್ತಾರೆ. ಅವಳು ಇವರಿಗೆ ಮೇಡಂ ಅನ್ನುತ್ತಾಳೆ, ಇವರು ಅವಳಿಗೆ ಅಕ್ಕ ಅನ್ನುತ್ತಾರೆ. ಇಬ್ಬರಿಗೂ ಇದರಲ್ಲಿ ನಗು ಬರುವುದು ನಿಂತು ಬಹಳ ದಿನವಾಯಿತು.

ತಪ್ಪುಗಳಿಗೆ ಕಾರಣ ಹುಡುಕುವ ಕೆಲಸ ಮಾತ್ರ ತಾನಾಗಿ ಬಂದು ಕೊರಳಿಗೆ ಬಿದ್ದದ್ದು. ಆಟದ ಪ್ರೋಗ್ರಾಂ ಬರೆಯುವ ಯುವಕ ಯಾವ ಪ್ರಶ್ನೆಗೂ ಮೊದಲು “ಸಾವಧಾನ” ಎಂದೇ ಬಾಯಿ ತೆರೆಯುವವನು. ಅವನ ಹೆಸರೂ ಅದೇ ಆಗಿಹೋಗಿದೆ. ಒಂದು ಬೆಳಿಗ್ಗೆ ಅವನು ಮೇಡಂ ಕೋಣೆಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. ಚಳಿಯ ದ್ವೀಪಕ್ಕೆ ಹೋದ ಬಿಳಿ ತುಪ್ಪುಳಿಗಳ ಕಿವಿ, ಬಾಲ, ಪಾದಗಳು ಕಪ್ಪಾಗಿ ಕಾಣುತ್ತಿದ್ದವು. ನೆರಳಿನ ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿತ್ತು.

“ಸರಿ ಮಾಡೋಕೆ ಟೈಮ್ ಬೇಕು ಮೇಡಂ. ಅಷ್ಟರಲ್ಲಿ ಜನ ಬೈದು ಹೊಗೆ ಹಾಕ್ತಾರೆ. ಏನಾದ್ರೂ ಹೇಳೋಕಾಗುತ್ತಾ?”

“ಸಿಯಾಮೀಸ್ ಬೆಕ್ಕು ನೋಡಿದೀಯಾ?”

“ಸಾವಧಾನ. ಬೆಕ್ಕಿಗೂ ಇದಕ್ಕೂ ಏನು?”

ಆ ಬೆಕ್ಕಿನಲ್ಲಿ ಬಣ್ಣ ತಯಾರಿಸುವ ಕಿಣ್ವ ದೇಹದ ಬಿಸಿಗೆ ಕೆಡುತ್ತದೆ, ಮೈ ತಣ್ಣಗಿರುವ ಕಡೆ ಮಾತ್ರ ಕೆಲಸ ಮಾಡುತ್ತದೆ, ಅದಕ್ಕೇ ಅದರ ಕಿವಿ ಬಾಲಗಳ ತುದಿ ಕಪ್ಪು ಎಂದು ಮೇಡಂ ಹೇಳಿದರು. ತುಪ್ಪುಳಿಯದೂ ಹಾಗೇ ಎಂದು ಎರಡು ಸಾಲು ಬರೆದರು. ಆಟದೊಳಗಿನ ಪ್ರಾಣಿಕೋಶದಲ್ಲಿ ಅದು ಪ್ರಕಟವಾದ ಮೇಲೆ ಆಡುವವರು ಕಪ್ಪು ಕಿವಿಯವನ್ನು ಬೆಚ್ಚಗಿನ ದ್ವೀಪಕ್ಕೆ ಒಯ್ದು ಬಿಳಿಯಾಗುತ್ತವೆಯೇ ಎಂದು ಕಾಯತೊಡಗಿದರು. ಸಾವಧಾನ ಅದನ್ನೂ ಬರೆಯಬೇಕಾಯಿತು. ತಪ್ಪು ತಿದ್ದಿಸಿಕೊಳ್ಳಲಿಲ್ಲ, ಬಡ್ತಿ ಪಡೆಯಿತು.

ಅಲ್ಲಿಂದ ಅದೇ ರೂಢಿ. ಹೊನ್ನಿನ ಬಣ್ಣದ ಎರಡು ತುಪ್ಪುಳಿಗಳನ್ನು ಜೋಡಿ ಕಟ್ಟಿದರೆ ನಾಲ್ಕನೆಯ ಒಂದು ಪಾಲು ಮರಿ ಹುಟ್ಟುತ್ತಲೇ ಇರಲಿಲ್ಲ. ಹಳದಿ ಇಲಿಗಳಲ್ಲೂ ಹಾಗೇ, ಒಂದೇ ವಂಶವಾಹಿ ಎರಡೂ ಕಡೆಯಿಂದ ಬಂದರೆ ಭ್ರೂಣ ಉಳಿಯುವುದಿಲ್ಲ ಎಂದು ಮೇಡಂ ಬರೆದರು. ಹೆಣ್ಣುಗಳ ಮೈಯಲ್ಲಿ ಮಾತ್ರ ನೀಲಿ, ಕಂದು ಎರಡೂ ಬಣ್ಣದ ತೇಪೆ ಬರುತ್ತಿತ್ತು. ಗಂಡುಗಳು ನೀಲಿಯಾದರೆ ನೀಲಿ, ಕಂದಾದರೆ ಕಂದು. ಸಾವಧಾನ ಬಣ್ಣವನ್ನು ತಪ್ಪಿ ಲಿಂಗದ ಖಾನೆಯಲ್ಲಿ ಇಟ್ಟಿದ್ದ. ಬೆಕ್ಕಿನ ಕೇಸರಿ ಬಣ್ಣ ಇರುವುದೇ ಎಕ್ಸ್ ವರ್ಣತಂತುವಿನ ಮೇಲೆ, ಹೆಣ್ಣಿಗೆ ಅದು ಎರಡು, ಗಂಡಿಗೆ ಒಂದೇ, ಹೆಣ್ಣಿನ ಒಂದೊಂದು ಕೋಶದಲ್ಲಿ ಎರಡರಲ್ಲಿ ಒಂದು ಬಾಯಿ ಮುಚ್ಚಿಕೊಳ್ಳುತ್ತದೆ, ಅದಕ್ಕೇ ತೇಪೆ ಎಂದು ಅದಕ್ಕೂ ಟಿಪ್ಪಣಿ ಬಂತು.

ಮೇಡಂ ತಮಗೆ ತಾವೇ ಎರಡು ಕಟ್ಟಳೆ ಹಾಕಿಕೊಂಡಿದ್ದರು. ನಿಜವಾದ ಒಂದು ಪ್ರಾಣಿಯಲ್ಲಿ ಕಾಣದ್ದನ್ನು ತುಪ್ಪುಳಿಯ ತಲೆಗೆ ಕಟ್ಟಬಾರದು. ಮತ್ತು ಪ್ರೋಗ್ರಾಮಿನ ಒಳಗೆ ಇಣುಕಬಾರದು. ಕಾಡಿನಲ್ಲಿ ಪ್ರಾಣಿಯನ್ನು ನೋಡುವವರು ಹೊರಗಿನಿಂದಲೇ ನೋಡುತ್ತಾರೆ; ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ಕೂರುವುದಿಲ್ಲ ಎನ್ನುವುದು ಅವರ ವಾದ. ಸಾವಧಾನನಿಗೂ ಅದು ಹಿತವಾಗಿತ್ತು. ಅವರು ಅವನ ಕೆಲಸ ನೋಡುತ್ತಿರಲಿಲ್ಲ, ಅವನು ಅವರ ಮಾತು ಪ್ರಶ್ನಿಸುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಇಬ್ಬಣ್ಣದ ಗಂಡುಗಳು ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡವು. ಮೇಡಂ ಹೆಚ್ಚು ಯೋಚಿಸಲಿಲ್ಲ. ಬೆಕ್ಕುಗಳಲ್ಲೂ ಅಂಥ ಗಂಡು ಅಪರೂಪಕ್ಕೆ ಹುಟ್ಟುತ್ತದೆ. ಅದಕ್ಕೊಂದು ಎಕ್ಸ್ ಹೆಚ್ಚಾಗಿ ಬಂದಿರುತ್ತದೆ, ಅದು ಬರಡು. ತರಗತಿಯಲ್ಲಿ ವರ್ಷ ವರ್ಷ ಹೇಳಿದ ಪಾಠ. ಆಗ ಕಂಡ ಇಬ್ಬಣ್ಣದ ಗಂಡುಗಳಿಗೆ ಮರಿಯೂ ಆಗಿರಲಿಲ್ಲ. ‘ಇಂಥ ಗಂಡಿನಲ್ಲಿ ಒಂದು ವರ್ಣತಂತು ಹೆಚ್ಚಿರುತ್ತದೆ. ಇದಕ್ಕೆ ಮರಿಗಳಾಗುವುದಿಲ್ಲ’ ಎಂದು ಬರೆದು ಊಟಕ್ಕೆ ಎದ್ದರು.

ಅದೇ ಹೊತ್ತಿಗೆ ಆಟಕ್ಕೆ ಕಳ್ಳರು ಹೊಕ್ಕಿದ್ದರು. ಬೇಲಿ ಹಾರಿ ಪ್ರಾಣಿಗಳ ಬಣ್ಣದ ಖಾನೆಯನ್ನೇ ತಿದ್ದಿ, ಅಪರೂಪದ ಇಬ್ಬಣ್ಣದ ಗಂಡು ಎಂದು ಬೇರೆಯವರಿಗೆ ಮಾರುತ್ತಿದ್ದರು. ಅಕ್ಕ ತಲೆಬಿಸಿ ಮಾಡಿಕೊಂಡು ಏನಾದರೂ ಮಾಡು ಎಂದಾಗ ಸಾವಧಾನ ಪ್ರಾಣಿಕೋಶ ತೆರೆದ. ಇಬ್ಬಣ್ಣದ ಗಂಡಿಗೆ ಮರಿಯಾಗುವುದಿಲ್ಲ ಎಂದು ಮೇಡಂ ಬರೆದಿದ್ದಾರೆ. ಹಾಗಿದ್ದರೆ ಮರಿಯಾದ ಇಬ್ಬಣ್ಣದ ಗಂಡು ಯಾವುದಿದ್ದರೂ ಅದು ಕಳ್ಳಮಾಲು. ಅವನು ಅದನ್ನೇ ತಪಾಸಣೆಯ ಕಾನೂನಾಗಿ ಬರೆದ. ಅಂಥ ಪ್ರಾಣಿ ಸಿಕ್ಕ ಹಿಂಡಿಗೆ ತಾನಾಗಿ ಬೀಗ ಬೀಳುವಂತೆ, ವಾರ ಮುಗಿಯುವಾಗ ಇಡೀ ಹಿಂಡು ಅಳಿಸಿಹೋಗುವಂತೆ ಮಾಡಿದ. ಮೇಡಂಗೆ ಹೇಳಲಿಲ್ಲ. ಅವರ ಮಾತನ್ನೇ ತಾನೇ ಪಾಲಿಸುತ್ತಿರುವುದು, ಹೇಳುವುದೇನಿದೆ?

ಮೇಡಂಗೆ ಅದು ಗೊತ್ತಾದದ್ದು ಮನೆಯಲ್ಲಿ.

ಅವರ ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸುವ ಕೆಲಸದಲ್ಲಿದ್ದವರು. ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ನಡೆದಾಟ ಕೋಣೆಯಿಂದ ಬಚ್ಚಲಿಗೆ, ಬಚ್ಚಲಿಂದ ಕೋಣೆಗೆ ಎನ್ನುವಷ್ಟೇ. ಮಂಚವನ್ನು ಕಿಟಕಿಯ ಬಳಿಗೆ ಎಳೆಸಿಕೊಂಡಿದ್ದಾರೆ. ಸೊಸೆ ಕೆಲಸ ಮಾಡುವ ಆಟವನ್ನು ಮಗ ಟ್ಯಾಬ್‌ಗೆ ಹಾಕಿಕೊಟ್ಟಾಗ ಮೊದಲು ಮೂಗು ಮುರಿದರು. ಈಗ ಅವರ ಹಿಂಡಿನಲ್ಲಿ ಅರವತ್ತಕ್ಕೂ ಮೀರಿದ ತುಪ್ಪುಳಿಗಳಿವೆ. ಒಂದೊಂದಕ್ಕೂ ನೆಂಟರ ಹೆಸರು. ಅಡ್ಡಗಾಲು ಹಾಕುವುದು ನಾದಿನಿ, ಬೇರೆಯವರ ಮೇವಿಗೆ ಬಾಯಿ ಹಾಕುವುದು ಸಣ್ಣಮಾವ. ಎದೆ ಸೆಟೆಸಿ ನಡೆಯುವ ಇಬ್ಬಣ್ಣದ ಗಂಡು ಭಾವಯ್ಯ. ತಮ್ಮ ಒಡಹುಟ್ಟಿದ ಅಕ್ಕನ ತೀರಿಹೋದ ಗಂಡನ ನಡಿಗೆಯೇ ಅದು ಎನ್ನುತ್ತಾರೆ. ಆಟದ ಬಗ್ಗೆ ಸೊಸೆಯನ್ನು ಒಂದು ಮಾತೂ ಕೇಳಿದವರಲ್ಲ. ಸೊಸೆಯೂ ತಾನಾಗಿ ತಲೆ ಹಾಕಿದವರಲ್ಲ. ಈ ಮನೆಯಲ್ಲಿ ಇಬ್ಬರು ಹೆಂಗಸರು ಇಷ್ಟು ವರ್ಷ ಹೊಂದಿಕೊಂಡಿರುವುದು ಇಂಥ ಲೆಕ್ಕಾಚಾರದಿಂದಲೇ.

ಆ ಸೋಮವಾರ ಸಂಜೆ ಮೇಡಂ ಚಪ್ಪಲಿ ಬಿಟ್ಟು ಒಳಗೆ ಬರುವಾಗ ಅತ್ತೆ ಟ್ಯಾಬನ್ನು ಮಗುಚಿ ಎದೆಯ ಮೇಲಿಟ್ಟುಕೊಂಡು ಕೂತಿದ್ದರು.

“ನಿಮ್ಮೋರು ನನ್ನ ಕಳ್ಳಿ ಅಂದಿದಾರೆ.”

“ಯಾರತ್ತೆ?”

“ನಿಮ್ಮ ಆಫೀಸ್ನೋರು. ಓದ್ಕೊ.”

ಪರದೆಯ ಮೇಲೆ ಹಿಂಡು ಬೂದಿ ಬಣ್ಣಕ್ಕೆ ತಿರುಗಿ ಕಲ್ಲಿನಂತೆ ನಿಂತಿತ್ತು. ನಕಲಿ ಪ್ರಾಣಿ ಕಂಡುಬಂದಿದೆ, ವಾರಾಂತ್ಯದಲ್ಲಿ ಹಿಂಡನ್ನು ತೆಗೆದುಹಾಕಲಾಗುವುದು ಎಂದು ಬರೆದಿತ್ತು. ಭಾವಯ್ಯನ ಸುತ್ತ ಕೆಂಪು ಗೆರೆ.

“ಬಣ್ಣ ತಿದ್ದಿದೀನಂತೆ,” ಎಂದರು ಅತ್ತೆ. “ಅಕ್ಷರ ದೊಡ್ಡದು ಮಾಡೋದೇ ನಿನ್ನ ಗಂಡ ನಾಲ್ಕು ಸಲ ಹೇಳ್ಕೊಟ್ಟ ಮೇಲೆ ಬಂದಿದ್ದು.”

“ಇಬ್ಬಣ್ಣದ ಗಂಡಿಗೆ ಮರಿ ಆಗೋದಿಲ್ಲ ಅತ್ತೆ. ಇದಕ್ಕೆ ಆಗಿದೆ ಅಂತ ಅನುಮಾನ ಬಂದಿರ್ಬೇಕು.”

“ಆಗೋದಿಲ್ಲ ಅಂತ ಯಾರಂದ್ರು?”

“ನಾನೇ ಬರೆದಿದ್ದು.”

“ಆಯ್ತಲ್ಲ, ಒಂಬತ್ತು ಹೆಣ್ಣು, ಅಷ್ಟೇ ಗಂಡು. ಅವಕ್ಕೆಲ್ಲ ಏನು ಹೇಳ್ಲಿ ಈಗ? ನಿಮ್ಮಪ್ಪ ನಿಮ್ಮಪ್ಪ ಅಲ್ಲ, ನಮ್ಮ ಸೊಸೆ ಬರೆದಿದಾಳೆ ಅಂತಾನಾ?”

ಒಳಗಿನಿಂದ ಗಂಡ ಪೇಪರು ಹಿಡಿದುಕೊಂಡೇ ಬಂದರು. “ನಿನ್ನ ಮಾತು ಅಲ್ಲಿ ನಡೆಯುತ್ತಲ್ಲ. ಹೇಳಿ ಬಿಡಿಸಿಬಿಡು, ಇಷ್ಟಕ್ಕೆ ಯಾಕೆ ರಂಪ?”

“ನೀನು ಪೇಪರ್ ಓದು,” ಎಂದರು ಅವರ ತಾಯಿ. “ಸೊಸೆ ಶಿಫಾರಸು ಮಾಡಿ ಬಿಡಿಸಿದ್ಲು ಅಂದ್ರೆ ಕದ್ದಿದ್ದು ನಿಜ ಅಂತಾಯ್ತು. ಹಿಂಡು ಹೋದ್ರೂ ಹೋಗ್ಲಿ, ಹಂಗೆ ಬೇಡ.”

ಗಂಡ ಪೇಪರಿನ ಹಿಂದೆ ಮರೆಯಾದರು. ಹಿಂಡು ಹೋದರೂ ಹೋಗಲಿ ಎಂದವರ ಕೈ ಟ್ಯಾಬಿನ ಅಂಚನ್ನು ಬಿಟ್ಟಿರಲಿಲ್ಲ.

ಮರುದಿನ ಮೇಡಂ ಕೋಣೆಗೆ ಹೋಗದೆ ನೇರ ಸಾವಧಾನನ ಮೇಜಿನ ಬಳಿ ನಿಂತರು. ಮರಿಯಾದ ಇಬ್ಬಣ್ಣದ ಗಂಡು ನಕಲಿ ಎಂದು ಯಾರು ತೀರ್ಮಾನಿಸಿದ್ದು ಎಂದು ಕೇಳಿದರು.

“ಸಾವಧಾನ ಮೇಡಂ. ನೀವೇ.”

“ನಾನು ಕಂಡಿದ್ದಕ್ಕೆ ಕಾರಣ ಬರೆದೆ. ಕಾನೂನು ಬರೀಲಿಲ್ಲ.”

“ಮರಿ ಆಗೋದಿಲ್ಲ ಅಂತ ಬರೆದಿದ್ರಿ. ಆಗೋದಿಲ್ಲ ಅಂದ್ರೆ ಆಗೋದಿಲ್ಲ ತಾನೇ? ಆಗಬಹುದು ಅಂತ ಎಲ್ಲೂ ಇರಲಿಲ್ಲ.”

“ಅವಕ್ಕೆ ಮರಿ ಆಗದ ಹಾಗೆ ನೀನು ಮಾಡಿದ್ದೀಯಾ?”

“ಇಲ್ಲ. ಮೊದ್ಲೇ ಹಾಗಿದೆ ಅನ್ಕೊಂಡೆ. ನೀವು ನೋಡಿ ಬರೆದಿದ್ದಲ್ವಾ.”

ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಅವನು ಎಡವಿದ್ದಕ್ಕೆ ಅವರು ಕಾರಣ ಕೊಟ್ಟಿದ್ದರು, ಅವರು ಕೊಟ್ಟ ಕಾರಣವನ್ನು ಅವನು ಕಟ್ಟಳೆ ಮಾಡಿದ್ದ. ನಡುವೆ ಪ್ರಾಣಿಯನ್ನು ನೋಡಿದವರು ಯಾರೂ ಇರಲಿಲ್ಲ.

ಅಕ್ಕನಿಗೆ ವಿಷಯ ಮುಟ್ಟಿತು. ಅವಳು ಕುರ್ಚಿ ತಿರುಗಿಸಿ, “ನಿಮ್ಮತ್ತೆದು ಅಂದ್ಮೇಲೆ ಮಾತೇನು ಮೇಡಂ? ಬೀಗ ತೆಗೀತೀವಿ, ಮುಗೀತು,” ಎಂದಳು.

“ಅವರದು ಮಾತ್ರ ತೆಗೆದ್ರೆ ಬೇರೆಯವರದು?”

“ಬೇರೆಯವರು ಕಳ್ಳರು.”

“ಅತ್ತೆ ಅಲ್ಲ ಅಂತ ನಿಂಗೆ ಹೇಗೆ ಗೊತ್ತು?”

ಅಕ್ಕ ನಕ್ಕಳು. ಆಮೇಲೆ ನಗಲಿಲ್ಲ. ಕಳ್ಳಮಾಲಿಗೂ ಸಾಚಾ ಮಾಲಿಗೂ ವ್ಯತ್ಯಾಸ ತೋರಿಸುವ ಒಂದು ಗುರುತು ಕೊಟ್ಟರೆ ಕಾನೂನು ಬದಲಿಸುತ್ತೇನೆ, ಇಲ್ಲವಾದರೆ ಅದು ಹಾಗೇ ಇರುತ್ತದೆ, ಶುಕ್ರವಾರ ಸಂಜೆ ಅಳಿಸುವ ಕೆಲಸ ತಾನಾಗಿ ನಡೆಯುತ್ತದೆ ಎಂದಳು. ಕಾಲೇಜಿನಲ್ಲಿದ್ದಾಗಲೂ ಅವಳು ಪ್ರಯೋಗದ ಪಾಠಗಳಿಗೆ ಮಾತ್ರ ತಪ್ಪದೆ ಬರುತ್ತಿದ್ದವಳು.

ಮೇಡಂ ಎರಡು ದಿನ ಬೆಕ್ಕುಗಳ ಬಗ್ಗೆ ಓದಿದರು. ತಾವು ಕಲಿಸಿದ್ದು ಸುಳ್ಳಲ್ಲ. ಇಬ್ಬಣ್ಣದ ಗಂಡು ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಎಕ್ಸ್ ಒಂದು ಹೆಚ್ಚು, ಅವು ಬರಡೇ. ಆದರೆ ಪಾಠದಲ್ಲಿ ಅವರು ಎಂದೂ ಹೇಳದೆ ಬಿಟ್ಟ ಇನ್ನೊಂದು ಬಗೆಯೂ ಇತ್ತು. ಪರೀಕ್ಷೆಯಲ್ಲಿ ಬರುತ್ತಿರಲಿಲ್ಲ, ಆದ್ದರಿಂದ ಬಿಟ್ಟಿದ್ದರು. ತಾಯಿಯ ಹೊಟ್ಟೆಯಲ್ಲಿ ಎರಡು ಭ್ರೂಣಗಳು ಬಹಳ ಮೊದಲೇ ಒಂದಕ್ಕೊಂದು ಅಂಟಿ ಒಂದೇ ಪ್ರಾಣಿಯಾಗಿ ಬೆಳೆಯುವುದು. ಒಂದು ಕಡೆಯ ಚರ್ಮ ಅಣ್ಣನದು, ಇನ್ನೊಂದು ಕಡೆಯದು ತಮ್ಮನದು. ಇಬ್ಬರೂ ಗಂಡಾಗಿದ್ದರೆ ಬರಡಾಗಲು ಕಾರಣವೇ ಇಲ್ಲ.

ಗುರುವಾರ ಸಂಜೆ ಅವರು ಅತ್ತೆಯ ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿದರು.

“ಅತ್ತೆ, ಭಾವಯ್ಯ ಹುಟ್ಟಿದ್ದು ನಿಮಗೆ ನೆನಪಿದೆಯಾ?”

“ಯಾಕೆ, ಜಾತಕ ಬರೀತೀಯಾ?”

“ಅವನ ತಾಯಿ ಯಾರು?”

“ನಾದಿನಿ. ಇನ್ಯಾರು, ಅಂಥಾದ್ದನ್ನ ಹೆರೋಳು ಅವಳೇ.” ಅತ್ತೆ ತಿರುಗಿದರು. ಈ ವಿಷಯದಲ್ಲಿ ಸುಮ್ಮನಿರುವುದು ಅವರಿಗೂ ಕಷ್ಟವಾಗಿತ್ತು. “ಅವಳಿಗೆ ಹೊಟ್ಟೇಲಿ ಎರಡು ತೋರಿಸ್ತಿತ್ತು. ಬಸಿರಾದಾಗ ಮೂಲೇಲಿ ಚುಕ್ಕಿ ಬರುತ್ತಲ್ಲ, ಎರಡು ಚುಕ್ಕಿ. ಹೆರೋ ಹೊತ್ತಿಗೆ ಸರಿಯಾಗಿ ಈ ದರಿದ್ರ ಟ್ಯಾಬ್‌ದು ಚಾರ್ಜ್ ಮುಗೀತು. ನಿನ್ನ ಗಂಡ ವೈರು ಎಲ್ಲಿಟ್ಟಿದ್ನೋ. ಮತ್ತೆ ಹಚ್ಚೋ ಹೊತ್ತಿಗೆ ಹೆತ್ತಾಗಿತ್ತು. ಮರಿ ಒಂದೇ. ಇನ್ನೊಂದು ಸತ್ತೇ ಹುಟ್ಟಿತೇನೋ ಅಂತ ನಾನೂ ಸುಮ್ಮನಾದೆ.”

“ಇದನ್ನ ನೀವು ಹೇಳಲೇ ಇಲ್ಲ.”

“ನೀನು ಕೇಳಲೇ ಇಲ್ಲ.”

ಮೇಡಂ ಸ್ವಲ್ಪ ಹೊತ್ತು ಬೂದಿ ಬಣ್ಣದ ಹಿಂಡನ್ನೇ ನೋಡಿದರು. ಇನ್ನೊಂದು ಸತ್ತಿರಲಿಲ್ಲ ಎಂದು ಅವರಿಗೆ ಆಗಲೇ ಅನ್ನಿಸಿತು. ಅವಳಿ ಗಂಡುಗಳು, ಒಂದು ನೀಲಿ, ಒಂದು ಕಂದು, ಎರಡೂ ಒಂದೇ ಚರ್ಮದೊಳಗೆ ಎದುರಿಗೇ ನಿಂತಿದ್ದವು. ಆದರೆ ಅನ್ನಿಸಿದ್ದನ್ನು ಹಿಡಿದುಕೊಂಡು ಅಕ್ಕನ ಮುಂದೆ ನಿಲ್ಲುವಂತಿರಲಿಲ್ಲ.

“ಭಾವಯ್ಯನಿಗೆ ಯಾವ ಹೆಣ್ಣುಗಳ ಜೊತೆ ಜೋಡಿ ಕಟ್ಟಿದ್ರಿ?”

“ಕಂದು ಬಣ್ಣದವೇ ಎಲ್ಲಾ. ನೀಲಿಯವು ಅವನ್ನ ಕಂಡ್ರೆ ಓಡ್ತಾವೆ.”

“ಹೆಣ್ಣುಮಕ್ಕಳ ಬಣ್ಣ?”

“ಇಬ್ಬಣ್ಣ. ಒಂಬತ್ತೂ ಇಬ್ಬಣ್ಣವೇ. ಬರೀ ಕಂದು ಒಂದೂ ಇಲ್ಲ, ಅದೇ ನಂಗೂ ಬೇಜಾರು. ಗಂಡುಗಳೇನೋ ತಾಯಿ ಹಂಗೆ ಕಂದು.”

ಮೇಡಂ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಜರುಗಿದರು. ತಂದೆ ತನ್ನ ಒಂದೇ ಎಕ್ಸನ್ನು ಹೆಣ್ಣುಮಕ್ಕಳಿಗೆಲ್ಲ ಕೊಡುತ್ತಾನೆ. ಕಂದು ತಾಯಿಯಿಂದ ಕಂದು ಬರುತ್ತದೆ. ಹೆಣ್ಣುಗಳೆಲ್ಲ ಇಬ್ಬಣ್ಣ ಎಂದರೆ ಭಾವಯ್ಯ ಪ್ರತಿ ಸಲವೂ ನೀಲಿಯನ್ನೇ ಕೊಟ್ಟಿದ್ದಾನೆ. ಕಳ್ಳರು ಬಣ್ಣದ ಖಾನೆಯನ್ನು ತಿದ್ದಿದ್ದರೆ ಅದರಲ್ಲಿ ಎರಡೂ ಬಣ್ಣ ಇರುತ್ತಿತ್ತು, ಒಮ್ಮೆ ನೀಲಿ ಒಮ್ಮೆ ಕಂದು ಹೋಗಿ, ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಬರೀ ಕಂದಾಗಿರುತ್ತಿದ್ದವು. ಇದನ್ನು ಅವರು ಅತ್ತೆಗೆ ಬಿಡಿಸಿ ಹೇಳಿದರು. ಅತ್ತೆ ಎಕ್ಸ್‌ಚೇಂಜಿನ ದಿನಗಳಂತೆ ಕಿವಿ ಒಂದು ಕಡೆ ವಾಲಿಸಿ ಕೇಳಿದರು.

“ಮೈ ಮೇಲೆ ಇಬ್ಬರೂ ಇದಾರೆ, ಮಕ್ಕಳಿಗೆ ಮಾತ್ರ ಒಬ್ಬನೇ ಅಪ್ಪ ಅಂತೀಯಾ?”

“ಹೌದು. ಬೀಜ ತಯಾರಾಗೋ ಜಾಗ ನೀಲಿಯವನ ಪಾಲಿಗೆ ಬಂದಿದೆ.”

“ಕಂದಿನವನು ಬರೀ ಚರ್ಮಕ್ಕೆ.”

“ಹಾಗೇ ಅನ್ಕೊಳ್ಳಿ.”

“ಪಾಪ,” ಎಂದರು ಅತ್ತೆ. ಸ್ವಲ್ಪ ಯೋಚಿಸಿ, “ಅದಕ್ಕೇ ಇಬ್ಬರ ಮೇವು ತಿಂತಾನೆ,” ಎಂದರು.

ಶುಕ್ರವಾರ ಬೆಳಿಗ್ಗೆ ಮೇಡಂ ಸಾವಧಾನನನ್ನೂ ಅಕ್ಕನನ್ನೂ ಒಂದೇ ಪರದೆಯ ಮುಂದೆ ಕೂರಿಸಿದರು. ಪ್ರೋಗ್ರಾಂ ಈಗಲೇ ತೆರೆಯಬೇಡ, ಮೊದಲು ನಾನು ಹೇಳುವುದು ಕೇಳು ಎಂದರು. ಬೀಗ ಬಿದ್ದ ಹಿಂಡುಗಳಲ್ಲಿ ಎರಡು ಬಗೆ ಇರಬೇಕು. ಒಂದು ಬಗೆಯಲ್ಲಿ ಇಬ್ಬಣ್ಣದ ಗಂಡು ತನ್ನ ಹೆಣ್ಣುಮಕ್ಕಳಿಗೆಲ್ಲ ಒಂದೇ ಬಣ್ಣ ಕೊಟ್ಟಿರುತ್ತದೆ. ಅದು ಹುಟ್ಟುವ ಮೊದಲು ತಾಯಿಯ ಹೊಟ್ಟೆಯಲ್ಲಿ ಎರಡು ಚುಕ್ಕಿ ಇದ್ದು, ಹುಟ್ಟಿದ್ದು ಒಂದೇ ಆಗಿರುತ್ತದೆ. ಇನ್ನೊಂದು ಬಗೆ ಎರಡೂ ಬಣ್ಣವನ್ನು ಬೆರಕೆಯಾಗಿ ಕೊಟ್ಟಿರುತ್ತದೆ, ಅದಕ್ಕೆ ಅವಳಿ ಇರುವುದಿಲ್ಲ. ಎರಡನೆಯದು ಕಳ್ಳಮಾಲು. ನಡುವಿನ ಬಗೆ ಒಂದು ಸಿಕ್ಕಿದರೂ ನನ್ನ ಮಾತು ತಪ್ಪು, ಅತ್ತೆಯ ಹಿಂಡು ಅಳಿಸಿ.

“ಅತ್ತೆ ಏನಂತಾರೆ?” ಎಂದಳು ಅಕ್ಕ.

“ಅವರು ಮೊದಲೇ ಅಂದಿದಾರೆ.”

ಸಾವಧಾನ ಹಿಂಡುಗಳ ವಂಶವೃಕ್ಷಗಳನ್ನು ಒಂದೊಂದಾಗಿ ತೆರೆದ. ಮೇಡಂ ಬೇಕೆಂದೇ ಕಿಟಕಿಯ ಕಡೆ ನಿಂತರು. ಕೆಳಗೆ ಅಂಗಡಿಯವನು ಗಾಜು ಒರೆಸುತ್ತಿದ್ದ. ಹಿಂದಿನಿಂದ ಸಾವಧಾನನ ಧ್ವನಿ ಬರುತ್ತಿತ್ತು: ಇದು ಒಂದೇ ಬಣ್ಣ, ಅವಳಿ ಇತ್ತು. ಇದು ಬೆರಕೆ, ಅವಳಿ ಇಲ್ಲ. ಇದೂ ಬೆರಕೆ. ಇದು ನಿಮ್ಮತ್ತೆದು. ಒಂದು ಹಿಂಡಿನ ಬಳಿ ಅವನು ತಡೆದ, ಅಕ್ಕ ಬಗ್ಗಿ ನೋಡಿದಳು, ಮೇಡಂ ತಿರುಗಲಿಲ್ಲ. ಅದರಲ್ಲಿ ಹೆಣ್ಣುಮರಿ ಒಂದೇ ಇತ್ತು, ಏನೂ ಹೇಳುವಂತಿರಲಿಲ್ಲ. ಆದರೆ ಅವಳಿಯ ಚುಕ್ಕಿ ಇತ್ತು. ಕೊನೆಯವರೆಗೂ ನಡುವಿನದು ಸಿಗಲಿಲ್ಲ.

ಆಮೇಲೆ ಸಾವಧಾನ ಪ್ರೋಗ್ರಾಂ ತೆರೆದ. ಏನು ಹುಡುಕಬೇಕು ಎಂದು ತಿಳಿದ ಮೇಲೆ ಬಹಳ ಹೊತ್ತು ಹಿಡಿಯಲಿಲ್ಲ. ಅವಳಿ ಹುಟ್ಟುವ ಕ್ಷಣದಲ್ಲಿ ಆಡುವವರ ಸಾಧನ ನಿಂತುಹೋದರೆ, ಎರಡನೆಯ ಮರಿಯ ವಿವರ ಮೊದಲನೆಯದರ ಜಾಗದಲ್ಲೇ ಬಂದು ಕೂರುತ್ತಿತ್ತು. ಮೈಬಣ್ಣದ ಚಿತ್ರ ಎರಡೂ ಮರಿಗಳದು ಉಳಿಯುತ್ತಿತ್ತು. ಸಂತಾನಕ್ಕೆ ಹೋಗುವ ಖಾನೆಯಲ್ಲಿ ಕೊನೆಗೆ ಬಂದವನದು ಮಾತ್ರ.

“ಸಾವಧಾನ,” ಎಂದ ಅವನು ತನಗೇ. “ಎಕ್ಸ್ ಹೆಚ್ಚಾಗಿದ್ದು ಯಾವತ್ತೂ ಇರಲೇ ಇಲ್ಲ ಮೇಡಂ. ಎಲ್ಲಾ ಇದೇ.”

“ಗೊತ್ತಾಯ್ತು,” ಎಂದರು ಮೇಡಂ.

ಅಕ್ಕ ಅಳಿಸುವ ಕೆಲಸವನ್ನು ನಿಲ್ಲಿಸಿದಳು, ಕಾನೂನು ಬದಲಿಸಲು ಹೇಳಿದಳು. ಎಲ್ಲ ಮುಗಿಯಿತು ಎನ್ನುವಾಗ ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. ಹಳೆಯ ಕಾನೂನು ಬಂದ ಮೇಲೆ ಈಗಾಗಲೇ ಅಳಿಸಿಹೋದ ಹಿಂಡುಗಳಲ್ಲಿ ಸಾಚಾ ಎಷ್ಟಿದ್ದವು?

ತಪಾಸಣೆ ಪ್ರತಿ ಹಿಂಡಿನ ವಂಶವೃಕ್ಷದ ಚಿತ್ರ ಒಂದನ್ನು ಉಳಿಸಿಕೊಳ್ಳುತ್ತಿತ್ತು, ಬೇರೇನನ್ನೂ ಅಲ್ಲ. ಸಾವಧಾನ ನೋಡಿದ. ಮೂರು ಸಾಚಾ ಹಿಂಡುಗಳಿದ್ದವು. ಅವುಗಳ ಪ್ರಾಣಿಗಳನ್ನು ಮರಳಿ ತರುವ ದಾರಿ ಇರಲಿಲ್ಲ.

“ಇದನ್ನ ಹೊರಗೆ ಹೇಳೋದು ಬೇಡ,” ಎಂದಳು ಅಕ್ಕ. “ಆ ಮೂವರಿಗೂ ಹೊಸ ಹಿಂಡು ಕೊಡೋಣ, ಒಳ್ಳೇದೇ ಕೊಡೋಣ. ಪ್ರಾಣಿಕೋಶದಲ್ಲಿ ತಪ್ಪು ಬರೆದಿದ್ವಿ ಅಂದ್ರೆ ನಾಳೆ ಯಾರೂ ನಿಮ್ಮ ಒಂದು ಸಾಲೂ ನಂಬಲ್ಲ. ಜನ ಈ ಆಟಕ್ಕೆ ಬರೋದೇ ನಿಮ್ಮ ಟಿಪ್ಪಣಿಗಾಗಿ.”

“ತಿಪ್ಪೆ ಸಾರಿಸೋದು ಅಂತಾರೆ ಇದಕ್ಕೆ.”

“ನೀವು ಇಲ್ಲಿ ಬಂದಾಗಿಂದ ಮಾಡ್ತಿರೋದು ಅದನ್ನೇ ಅಲ್ವಾ ಮೇಡಂ?” ಅಕ್ಕನ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. “ಇವನ ತಪ್ಪಿಗೆ ಬೆಕ್ಕು, ಇಲಿ ಎಲ್ಲಾ ತಂದು ಮುಚ್ಚಿದ್ರಿ.”

ಅವಳು ಹೇಳಿದ್ದರಲ್ಲಿ ಹುಳುಕಿರಲಿಲ್ಲ. “ಆಗ ಯಾರದ್ದೂ ಏನೂ ಹೋಗ್ತಿರಲಿಲ್ಲ,” ಎಂದರು ಮೇಡಂ. “ಇದು ಇವನ ತಪ್ಪಲ್ಲ, ನಂದು. ಬರೀದೆ ಇದ್ರೆ ಆ ಮೂವರೂ ಕಳ್ಳರಾಗೇ ಉಳೀತಾರೆ.”

ಅಕ್ಕ ಬರೆಯಿರಿ ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ; ಫೋನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋದಳು. ಮೇಡಂ ತಮ್ಮ ಕೋಣೆಗೆ ಬಂದು ಕೂತರು. ಎರಡು ಸಾಲಿನ ಜಾಗಕ್ಕೆ ಈ ಸಲ ಆರು ಸಾಲು ತೆಗೆದುಕೊಂಡರು. ಇಬ್ಬಣ್ಣದ ಗಂಡು ಅವಳಿಗಳು ಕೂಡಿ ಆದದ್ದು, ಅದಕ್ಕೆ ಮರಿಗಳಾಗುತ್ತವೆ, ಮೊದಲಿನ ಟಿಪ್ಪಣಿ ತಪ್ಪು, ಅದನ್ನು ನಂಬಿ ಮೂವರ ಹಿಂಡನ್ನು ಅನ್ಯಾಯವಾಗಿ ಅಳಿಸಲಾಗಿದೆ ಎಂದು ಬರೆದರು. ಕೆಳಗೆ ‘ಟಿಪ್ಪಣಿ ಬರೆಯುವವರು’ ಎಂದು ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಸಾವಧಾನ ಅದನ್ನು ಒಂದು ಅಕ್ಷರ ಬದಲಿಸದೆ ಪ್ರಕಟಿಸಿದ. ಸಂಜೆಯೊಳಗೆ ಬೈಗುಳಗಳು ಬಂದವು. ಕೆಲವು ಅಕ್ಕನಿಗೆ, ಹೆಚ್ಚಿನವು ಟಿಪ್ಪಣಿ ಬರೆಯುವವರಿಗೆ.

ಮನೆಗೆ ಬಂದಾಗ ಅತ್ತೆಯ ಹಿಂಡು ಬಣ್ಣಕ್ಕೆ ಮರಳಿತ್ತು. ಅತ್ತೆ ಮೇವು ಹಾಕುತ್ತಿದ್ದರು. ಹೊಸ ಟಿಪ್ಪಣಿ ಓದಿ ಆಗಿದೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

“ಆ ಮೂವರದ್ದು ವಾಪಸ್ ಬರಲ್ವಾ?” ಎಂದು ಕೇಳಿದರು.

“ಬರಲ್ಲ.”

“ಯಾರವರು?”

“ಗೊತ್ತಿಲ್ಲ ಅತ್ತೆ. ಆಡೋರು.”

ಅತ್ತೆ ಭಾವಯ್ಯನ ಹೆಣ್ಣುಮಕ್ಕಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡಿದರು. “ಒಂದೊಂದು ಕೊಡ್ತೀನಿ ಬೇಕಾದ್ರೆ. ಕೇಳು. ಕಾಲು ಸೊಟ್ಟ ಇರೋದನ್ನ ಕೊಡಲ್ಲ, ಚೆನ್ನಾಗಿರೋದನ್ನೇ ಕೊಡ್ತೀನಿ.”

ಮೇಡಂ ಮೂವರಿಗೂ ತಾವೇ ಬರೆದರು: ನಡೆದದ್ದು ಇಷ್ಟು, ತಪ್ಪು ನನ್ನದು, ನನ್ನ ಅತ್ತೆ ತಮ್ಮ ಹಿಂಡಿನಿಂದ ಒಂದು ಮರಿ ಕೊಡಲು ಸಿದ್ಧರಿದ್ದಾರೆ. ಒಬ್ಬರು ಮಾರನೆಯ ದಿನವೇ ಮರಿ ತೆಗೆದುಕೊಂಡರು, ಧನ್ಯವಾದ ಎಂದು ಮಾತ್ರ ಹೇಳಿ. ಇನ್ನೊಬ್ಬರಿಂದ ಏನೂ ಬರಲಿಲ್ಲ. ಅವರು ಆಟ ಬಿಟ್ಟು ಹೋಗಿದ್ದರು. ಮೂರನೆಯವರ ಉತ್ತರ ಬಂದದ್ದು ಸುಮಾರು ದಿನಗಳ ನಂತರ. ಮೇಡಂ ಅದನ್ನು ಅತ್ತೆಗೆ ಓದಿ ಹೇಳಿದರು.

“ನಿಮ್ಮ ಅತ್ತೆಯವರದು ದೊಡ್ಡ ಮನಸ್ಸು. ಆದರೆ ನನಗೆ ಬೇಡ. ನನಗೆ ನನ್ನದೇ ಬೇಕಾಗಿತ್ತು.”

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

“ಸರಿಯಾಗೇ ಹೇಳಿದಾರೆ,” ಎಂದರು.